ಮೂಲೆಯ ಕುರ್ಚಿ

ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿ ಅವಳು ತಿರುಗುವಷ್ಟರಲ್ಲಿ ಗಿರಾಕಿ ಎದ್ದು ನಿಂತಿದ್ದ. "ಅರ್ಜೆಂಟೇನಿಲ್ಲ, ಆ ಕಡೆ ಕುರ್ಚಿಯವರು ಬಿಡುವಾಗಲಿ," ಎಂದು ಹೊದಿಸಿದ್ದ ಬಟ್ಟೆಯನ್ನು ತಾನೇ ಬಿಚ್ಚಿಟ್ಟು, ಗೋಡೆ ಬದಿಯ ಬೆಂಚಿಗೆ ಹೋಗಿ ಕೂತ. ಬೆಳಗಿನಿಂದ ಇದೇ ಹಾಡು. ಕೂದಲು ಕತ್ತರಿಸಿಕೊಳ್ಳುವವರೇ ಅವಳಿಗೆ ಕೊಟ್ಟ ಮೂಲೆಯ ಕುರ್ಚಿಯತ್ತ ಸುಳಿದಿರಲಿಲ್ಲ. ಇನ್ನು ಗಡ್ಡಕ್ಕೆ ಬರುವವರು ಒಂದು ಹೆಂಗಸಿನ ಮುಂದೆ ಕಣ್ಣು ಮುಚ್ಚಿ ಒರಗುತ್ತಾರೆಯೇ!

ಕ್ಷೌರದಂಗಡಿಯ ಯಜಮಾನ ಮೂಗಿಗೆ ತುಪ್ಪ ಸವರುವ ಪೈಕಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವನು. "ಸಂಜೆ ಬಾಗಿಲು ಹಾಕೋದ್ರೊಳಗೆ ಒಬ್ಬರಿಗಾದ್ರೂ ಶೇವ್ ಮಾಡಿ ತೋರಿಸು, ಆ ಕುರ್ಚಿ ನಿಂದು. ಯಾರೂ ಕೂರದೇ ಇದ್ರೆ ನಾನೇನಮ್ಮ ಮಾಡ್ಲಿ?" ಎಂದು ಬೆಳಿಗ್ಗೆಯೇ ಅಂದಿದ್ದ. ಅಂದದ್ದು ಅವನ ಭಾಷೆಯಲ್ಲಿ. ಈ ದೇಶಕ್ಕೆ ಬಂದ ಮೇಲೆ ಅವಳು ಆ ಭಾಷೆ ಕಲಿಯಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಭಾಷೆಯ ತರಗತಿ ನಡೆಯುವ ಕಟ್ಟಡದಲ್ಲೇ ಇದ್ದ ಕ್ಷೌರದ ತರಗತಿಗೂ ಹೋಗಿ ಬಂದಿದ್ದಳು. ಹಾಗಾಗಿ ಅನ್ನ, ನೀರು ಅನ್ನುವುದಕ್ಕಿಂತ ಮೊದಲು ಗಡ್ಡ, ಮೀಸೆ ಅನ್ನುವುದನ್ನು ಕಲಿತಳು.

ನಿಂತೂ ನಿಂತೂ ಕಾಲು ಬಿದ್ದುಹೋಗುತ್ತಿತ್ತು. ಆದರೂ ಕೂರಲಿಲ್ಲ, ಪೊರಕೆ ಹಿಡಿದು ನೆಲದ ಕೂದಲು ಗುಡಿಸಿದಳು. ಚಿಕ್ಕವಳಿದ್ದಾಗ ಅಪ್ಪನ ಅಂಗಡಿಯಲ್ಲೂ ಅವಳ ಪಾಲಿಗೆ ಬಂದದ್ದು ಪೊರಕೆಯೊಂದೇ. ಅಣ್ಣನಿಗೆ ಕೆಲಸ ಕಲಿಸಲು ಅಪ್ಪ ಬಲೂನು ಊದಿ, ಸೋಪಿನ ನೊರೆ ಬಳಿದು, ಕೈಗೆ ಕತ್ತಿ ಕೊಡುತ್ತಿದ್ದ. ಅಣ್ಣ ಕತ್ತಿ ತಾಕಿಸುವುದೇ ತಡ, ಬಲೂನು ಢಬ್ಬೆಂದು ಒಡೆದು ಮೂವರ ಮುಖಕ್ಕೂ ನೊರೆ ಸಿಡಿಯುತ್ತಿತ್ತು. ಒಂದು ದಿನ ಅಪ್ಪ ಊಟಕ್ಕೆ ಹೋದಾಗ ಅವಳು ಕದ್ದು ಒಂದು ಬಲೂನಿನ ನೊರೆಯನ್ನೆಲ್ಲ ನುಣ್ಣಗೆ ತೆಗೆದಳು. ಅದು ಒಡೆಯಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ್ದ ಅಪ್ಪ ಬಂದು ಮೆಲ್ಲಗೆ ಕತ್ತಿ ಇಸಿದುಕೊಂಡ. "ಕೈಯೇನೋ ಚೆನ್ನಾಗಿದೆ ಮಗಳೇ. ಆದ್ರೆ ನಿನ್ನ ಹತ್ರ ಯಾರು ಬರ್ತಾರೆ?" ಅಂದ. ಹೊಡೆದಿದ್ದರೆ ಮರೆತುಬಿಡುತ್ತಿದ್ದಳು. ಅಪ್ಪನ ಮಾತು ಇಷ್ಟು ದೂರ ಬಂದ ಮೇಲೂ ನಿಜವಾಗುತ್ತಿದೆಯಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ನೋಡೇಬಿಡೋಣ ಎಂದು ಸೆರಗಿಲ್ಲದ ಅಂಗಿಯ ತೋಳನ್ನೇ ಮೇಲಕ್ಕೆ ಮಡಿಸಿದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದವನು ಗಂಡ. ಗೋದಾಮಿನ ಕೆಲಸ ಮುಗಿಸಿ ನೇರ ಬಂದಿದ್ದ, ಮುಖದ ತುಂಬ ಗಡ್ಡ. ಬೆಳಿಗ್ಗೆ ಹೊರಡುವಾಗಲಷ್ಟೇ ಅವನಿಗೆ ವಿಷಯ ಹೇಳಿದ್ದಳು. ಹಗಲೆಲ್ಲ ಅವನು ಒಳಗೊಳಗೇ ಕುದಿದಿದ್ದ.

"ನಡಿ ಮನೆಗೆ," ಎಂದ ಹಲ್ಲು ಕಚ್ಚಿ.

"ಇನ್ನೂ ಬಾಗಿಲು ಹಾಕಿಲ್ಲ ರೀ."

"ತಾತನ ಕಾಲದಿಂದ ನಮ್ಮೋರು ಊರವರ ಗಡ್ಡ ಕೆರೆದಿದ್ದು ಸಾಲದಾ? ಸಮುದ್ರ ದಾಟಿ ಬಂದಿದ್ದೇ ಆ ಕತ್ತಿ ಬಿಟ್ಟು ಬರೋಕೆ ಕಣೇ. ನಮ್ಮ ಕಡೆಯವರು ಯಾರಾದ್ರೂ ನೋಡಿದ್ರೆ?"

"ನೋಡ್ಲಿ. ಕದಿಯೋಕೆ ಬಂದಿಲ್ವಲ್ಲ."

"ಬಿಟ್ಟು ಬಂದಿದ್ದನ್ನ ಮತ್ತೆ ಯಾಕೆ ಎತ್ಕೊಂಡೆ ಅಂತೀನಿ!"

"ಬಿಟ್ಟಿದ್ದು ನೀವು. ನನ್ನ ಕೈಗೆ ಯಾರು, ಯಾವತ್ತು ಕೊಟ್ಟಿದ್ರು, ನಾನು ಬಿಡೋಕೆ?"

ಅಂಗಡಿಯ ಯಜಮಾನನಿಗೆ ಅವರ ಮಾತಿನ ತಲೆಬುಡ ತಿಳಿದಿರಲಿಲ್ಲ. ದರದ ಚೌಕಾಸಿ ಇರಬೇಕೆಂದುಕೊಂಡು ನಗುತ್ತ ಬಂದ. "ಗಿರಾಕಿನಾ?" ಎಂದು ತನ್ನ ಭಾಷೆಯಲ್ಲಿ ಕೇಳಿದ.

ಅವಳು ಗಂಡನ ಗಡ್ಡವನ್ನೊಮ್ಮೆ ನೋಡಿದಳು. "ಹೌದು," ಅಂದಳು, ಅದೇ ಭಾಷೆಯಲ್ಲಿ, ಬೆಂಚಿನವರಿಗೂ ಕೇಳುವಂತೆ. ಆ ಮಾತು ಗಂಡನಿಗೂ ಅರ್ಥವಾಗುತ್ತದೆ. 'ಅಲ್ಲ, ನಾನು ಇವಳ ಗಂಡ' ಎಂದು ಅವನೊಂದು ಮಾತು ಆಡಿದರೆ ಮುಗಿಯಿತು.

ಅವನು ಬಾಯಿ ತೆರೆದ. ಬೆಂಚಿನ ತುಂಬ ಜನ ಅವನನ್ನೇ ನೋಡುತ್ತಿದ್ದರು. ಅವನ ಕಣ್ಣು ಅವಳ ಊದಿಕೊಂಡ ಪಾದದ ಮೇಲೆ ಬಿತ್ತು. ನಾಚಿಕೆಗೋ, ಸುಸ್ತಿಗೋ, ಕರುಳು ಚುರುಕ್ ಎಂದೋ ದೇವರೇ ಬಲ್ಲ, ಹೋಗಿ ಮೂಲೆಯ ಕುರ್ಚಿಯಲ್ಲಿ ದೊಪ್ಪೆಂದು ಕೂತ.

ಅವಳು ಬಟ್ಟೆ ಹೊದಿಸಿದಳು. ಬಿಸಿನೀರಿನ ಟವೆಲು ಒತ್ತಿ, ನೊರೆ ಹಚ್ಚಿದಳು. ಆಗ ಕುರ್ಚಿಯಿಂದ ಎದ್ದು ಬೆಂಚಿಗೆ ಹೋಗಿದ್ದ ಗಿರಾಕಿ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಒಂದು ಕೆನ್ನೆ ನುಣುಪಾಯಿತು, ಇನ್ನೊಂದೂ ಆಯಿತು. ಬ್ಲೇಡು ಗಲ್ಲದ ಕೆಳಗೆ ಇಳಿದಾಗ ಗಂಡ ತುಟಿ ಅಲುಗಿಸದೆ ಪಿಸುಗುಟ್ಟಿದ:

"ಊರಿಂದ ಅಮ್ಮ ಫೋನ್ ಮಾಡಿದ್ರೆ ಏನಂತ ಹೇಳ್ಲಿ?"

ಅವಳು ಒಂದೇ ಬೆರಳಿಂದ ಅವನ ಗಲ್ಲವನ್ನು ಮೇಲಕ್ಕೆತ್ತಿದಳು.

"ಮಾತು ಆಮೇಲೆ. ಈಗ ಕತ್ತಿ ನನ್ನ ಕೈಲಿದೆ."