ನಿಮ್ಮ ಭಾಷೆ

"ನಿಮ್ಮ ಭಾಷೇಲಿ ಏನಾದ್ರೂ ಹೇಳೋ," ಎಂದ ನಿರ್ದೇಶಕ, ಎದುರು ನಿಂತಿದ್ದ ಯುವಕನಿಗೆ. ಆ ಹಾಸ್ಯಚಿತ್ರದಲ್ಲಿ ಅವನದು ನಾಯಕನನ್ನು ಬೇಯಿಸಿ ತಿನ್ನಲು ಬರುವ ಕಾಡುಮನುಷ್ಯನ ಪಾತ್ರ. ಸೊಂಟಕ್ಕೆ ಸೊಪ್ಪು ಕಟ್ಟಿದ್ದರು.

"ನಾವು ಯಲ್ಲಾಪುರ ಬದಿಯ ಸಿದ್ದಿಗಳು ಸರ್. ನಮ್ದೂ ಕನ್ನಡವೇ ಅಲ್ರಾ?"

"ಕನ್ನಡ ಮಾತಾಡಿದ್ರೆ ಯಾವನಯ್ಯಾ ನಗ್ತಾನೆ? ಅರ್ಥ ಆಗದ್ದು ಏನಾದ್ರೂ ಒದರು."

ಅರ್ಥವಾಗದ್ದು ಅವನಿಗೆ ಒಂದೇ ಗೊತ್ತಿತ್ತು. ಸಾವಿನ ಮನೆಯಲ್ಲಿ ಹೆಣದ ತಲೆದೆಸೆಗೆ ಕೂತು ಅವ್ವ ಹಾಡುತ್ತಿದ್ದ ಹಾಡು. ಕಡಲಾಚೆಯಿಂದ ಹಿರಿಯರು ತಂದದ್ದಂತೆ. ಅರ್ಥ ಅವ್ವನಿಗೂ ತಿಳಿಯದು. ಅದನ್ನು ಕೇಳದೆ ಹೋದ ಜೀವಕ್ಕೆ ದಾರಿ ಸಿಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದಳು. ಕಣ್ಣುಗುಡ್ಡೆ ತಿರುಗಿಸುತ್ತ ಅವನು ಅದನ್ನೇ ಒದರಿದ. ಊರೂರಿನ ಚಿತ್ರಮಂದಿರಗಳಲ್ಲಿ ಜನ ಬಿದ್ದು ಬಿದ್ದು ನಕ್ಕರು.

ಮರುವರ್ಷ ಅವ್ವ ತೀರಿಕೊಂಡಳು.

"ನೀನೇ ಹಾಡ್ಬೇಕೋ ತಮಾ, ಮತ್ಯಾರಿಗೂ ಬರೂದಿಲ್ಲ," ಎಂದ ಚಿಕ್ಕಪ್ಪ.

ತಲೆದೆಸೆಗೆ ಕೂತು, ಅವ್ವನ ತಣ್ಣನೆಯ ಹಣೆಯ ಮೇಲೆ ಕೈಯಿಟ್ಟು, ಅವನು ಮೊದಲ ಸಾಲು ಎತ್ತಿದ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ದಡಬಡನೆ ಹೊರಗೆದ್ದು ಹೋದಳು. ಹೆಣದ ಕಾಲ ಬಳಿ ಕೂತಿದ್ದ ಅವನ ಪುಟ್ಟ ಮಗಳು ಚಪ್ಪಾಳೆ ತಟ್ಟಿದಳು.

"ಅಪ್ಪಾ, ಕಣ್ಣೂ ತಿರುಗ್ಸು!"