ಬೋಂಡಾ, ಬಜ್ಜಿ ಮತ್ತು ಹಬ್ಬದ ಎಣ್ಣೆಸ್ನಾನ

ಮೈಸೂರಿನ ಒಂದು ಮನೆ... ನರಕ ಚತುರ್ದಶಿಯ ಬೆಳಿಗ್ಗೆ.

ಶಾಂಭವಿ ಆ ಮನೆಗೆ ಮದುವೆಯಾಗಿ ಬಂದು ಬರೀ ನಾಲ್ಕು ತಿಂಗಳಾಗಿತ್ತು. ಗಂಡ ನಟೇಶನಿಗೆ ಇದು ಎರಡನೇ ಮದುವೆ. ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷ. ಹತ್ತು ವರ್ಷದ ಮಗಳು ಇಂಚರ.

ಇಂಚರಳ ಕೋಣೆಯಲ್ಲಿ ಎರಡು ಗಿನಿ ಪಿಗ್‌ಗಳಿದ್ದವು, ಮೊಲದಂಥ ಪುಟ್ಟ ಪ್ರಾಣಿಗಳು. ಬೋಂಡಾ ಮತ್ತು ಬಜ್ಜಿ. ಅಮ್ಮ ಬದುಕಿದ್ದಾಗ ತಂದುಕೊಟ್ಟ ಅಕ್ಕತಂಗಿಯರ ಜೋಡಿ. ಸದಾ ಮೈಗೆ ಮೈ ಅಂಟಿಸಿಕೊಂಡೇ ಮಲಗುತ್ತಿದ್ದವು.

ಈ ಹುಡುಗಿ ಅಪ್ಪನ ಹತ್ತಿರ ಬೆಣ್ಣೆ, ಶಾಂಭವಿಯ ಹತ್ತಿರ ಬೆಂಕಿ! ತಟ್ಟೆ ತಳ್ಳುವುದು, ಬಾಗಿಲು ಬಡಿಯುವುದು... ಒಮ್ಮೆ ಕೈಗೆ ಕಚ್ಚಿಯೂ ಬಿಟ್ಟಿದ್ದಳು.

"ಮುಂದಿನ ವರ್ಷ ಹಾಸ್ಟೆಲ್‌ಗೆ ಹಾಕೋಣ" ಎಂದು ಮನೆಯಲ್ಲಿ ಮಾತಾಗಿತ್ತು.

ಆದರೂ ಹಬ್ಬದ ದಿನ ಶಾಂಭವಿಗೆ ಒಂದು ಆಸೆ... ಹೇಗಾದರೂ ಇವಳ ಮನಸ್ಸು ಗೆಲ್ಲಬೇಕು.

ಎಣ್ಣೆ ಹಚ್ಚಿಸಿಕೊಳ್ಳಲು ಇಂಚರ ಒಪ್ಪಲಿಲ್ಲ. ಸರಿ, ಅವಳ ಮುದ್ದಿನ ಬೋಂಡಾಗಾದರೂ ಆಗಲಿ ಎಂದು ಕೊಬ್ಬರಿ ಎಣ್ಣೆ ತಿಕ್ಕಿ, ಸೀಗೆಪುಡಿ ಹಚ್ಚಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆಯನ್ನೂ ಕೊಟ್ಟಳು. ಪ್ರೀತಿ ಉಕ್ಕಿದರೆ ನಮ್ಮ ಜನಕ್ಕೆ ಗೊತ್ತಿರುವುದು ಎಣ್ಣೆಸ್ನಾನ ಒಂದೇ ನೋಡಿ!

ಬಜ್ಜಿ ಮಾತ್ರ ಮೂಲೆ ಸೇರಿತು, ಕೈಗೆ ಸಿಗಲಿಲ್ಲ.

ಮೈ ಒರೆಸಿ ಬೋಂಡಾವನ್ನು ಪಂಜರಕ್ಕೆ ಬಿಟ್ಟಳು...

ಕಟಕಟ... ಕಟಕಟ...

ಬಜ್ಜಿ ಹಲ್ಲು ಕಡಿಯುತ್ತಿತ್ತು. ಕತ್ತಿನ ಕೂದಲು ನಿಗುರಿ ನಿಂತಿತ್ತು. ಮರುಕ್ಷಣವೇ ಬೋಂಡಾ ಮೇಲೆ ಹಾರಿ ಬಿತ್ತು!

ಎರಡೂ ಉಂಡೆಯಾಗಿ ಉರುಳಿದವು. ಮನೆಯೆಲ್ಲ ಚೀರಾಟ. ಶಾಂಭವಿ ಹಿಂದೆ ಮುಂದೆ ನೋಡದೆ ಬರಿಗೈ ಹಾಕಿದಳು, ಬೆರಳಿಗೂ ಹಲ್ಲು ನಾಟಿತು. ಬಿಡಿಸುವಷ್ಟರಲ್ಲಿ ಬೋಂಡಾಳ ಕಿವಿ ಹರಿದು ರಕ್ತ ಸುರಿಯುತ್ತಿತ್ತು.

"ನೀವೇ ಏನೋ ಮಾಡಿದ್ರಿ! ಬೋಂಡಾ ಸತ್ತೋದ್ರೆ... ಅಮ್ಮ ಕೊಟ್ಟಿದ್ದು ಅದು!" ಇಂಚರ ಜೋರಾಗಿ ಅಳತೊಡಗಿದಳು.

ನಟೇಶ ಓಡಿಬಂದ. "ಬಜ್ಜಿಗೆ ಹುಚ್ಚು ಹಿಡಿದಿದೆ. ಆಫೀಸಲ್ಲಿ ಒಬ್ರು ಕೇಳ್ತಿದ್ರು, ಕೊಟ್ಟುಬಿಡೋಣ. ಕಚ್ಚೋದನ್ನೆಲ್ಲ ಮನೇಲಿ ಇಟ್ಕೊಳ್ಳೋಕಾಗಲ್ಲ."

ಆ ಮಾತಿಗೆ ಇಂಚರಳ ಅಳು ತಟ್ಟನೆ ನಿಂತಿತು. ಮುಖ ಬಿಳುಚಿಕೊಂಡಿತು. ಯಾಕೆ ಎಂದು ಯಾರೂ ಕೇಳಲಿಲ್ಲ.

ಬಜ್ಜಿಯನ್ನು ರಟ್ಟಿನ ಡಬ್ಬಕ್ಕೆ ಹಾಕಿ ಅಡುಗೆಮನೆಯಲ್ಲಿಟ್ಟರು. ಮಧ್ಯಾಹ್ನವಾಯಿತು... ಎರಡೂ ಒಂದು ಎಸಳು ಕೊತ್ತಂಬರಿಯನ್ನೂ ಮುಟ್ಟಲಿಲ್ಲ.

ಇವು ಒಂದು ದಿನ ತಿನ್ನದಿದ್ದರೂ ಜೀವಕ್ಕೆ ಅಪಾಯ ಎಂದು ಫೋನಿನಲ್ಲಿ ಓದಿದ ಶಾಂಭವಿ ಡಬ್ಬದ ಪಕ್ಕದಲ್ಲೇ ಕೂತುಬಿಟ್ಟಳು. ಬೀದಿಯಲ್ಲಿ ಪಟಾಕಿ ಸಿಡಿದಾಗಲೆಲ್ಲ ಡಬ್ಬದೊಳಗೆ ಬಜ್ಜಿ ಬೆಚ್ಚುತ್ತಿತ್ತು. ಹೊರಗೆ ಇವಳೂ ಬೆಚ್ಚುತ್ತಿದ್ದಳು.

ಕೊನೆಗೆ ಎರಡು ಡಬ್ಬ, ಒಬ್ಬಳು ಹುಡುಗಿ... ಎಲ್ಲರನ್ನೂ ಆಟೋದಲ್ಲಿ ಹತ್ತಿಸಿಕೊಂಡು ಪ್ರಾಣಿಗಳ ಡಾಕ್ಟರ್ ಪೊನ್ನಮ್ಮನವರ ಹತ್ತಿರ ಓಡಿದಳು.

ಡಾಕ್ಟರ್ ಬೋಂಡಾಳ ಕಿವಿಗೆ ಔಷಧಿ ಹಚ್ಚಿ, ಮೂಸಿ ನೋಡಿದರು. "ಇದಕ್ಕೊಂದಕ್ಕೇ ಸ್ನಾನ ಮಾಡಿಸಿದ್ರಾ?"

ಶಾಂಭವಿ ತಲೆ ತಗ್ಗಿಸಿದಳು.

"ಬಜ್ಜಿಗೆ ಹುಚ್ಚೂ ಇಲ್ಲ, ದ್ವೇಷಾನೂ ಇಲ್ಲ. ಇವು ಗುರುತು ಹಿಡಿಯೋದು ವಾಸನೆಯಿಂದ. ತನ್ನ ಜೊತೆಗಾತಿ ಎಲ್ಲೋ ಹೋಗಿ, ಯಾರೋ ಹೊಸಬರು ಮನೆಗೆ ನುಗ್ಗಿದ್ರು ಅಂತ ಹೆದರಿದೆ. ಹೆದರಿದ್ದಕ್ಕೇ ಕಚ್ಚಿದ್ದು."

"ಹಾಗಾದ್ರೆ... ಬಜ್ಜಿನ ಕೊಟ್ಟುಬಿಡ್ಬೇಕಾ ಡಾಕ್ಟ್ರೇ?" ಶಾಂಭವಿ ಕೇಳಿದಳು.

"ಅಯ್ಯೋ ಬೇಡ! ಗಾಯ ಒಣಗೋವರೆಗೆ ಮಧ್ಯೆ ಒಂದು ಜಾಲರಿ ಹಾಕಿ. ಒಂದನ್ನೊಂದು ನೋಡ್ತಿರಲಿ, ಮೂಸ್ತಿರಲಿ. ಹಾಸೋ ಬಟ್ಟೆ ಅದಲು ಬದಲು ಮಾಡಿ. ದೂರ ಕಳಿಸಿದ್ರೆ ಎರಡೂ ಕೊರಗ್ತವೆ. ಇನ್ಮೇಲೆ ಎಣ್ಣೆ ಗಿಣ್ಣೆ ಹಚ್ಚಬೇಡಿ ಮಾರಾಯ್ರೆ!"

ಜಾಲರಿ ಹಾಕಿದ ಸಂಜೆಯೇ ಎರಡೂ ಸೊಪ್ಪು ತಿಂದವು.

ಎಂಟನೇ ದಿನ... ಕಿವಿ ಒಣಗಿತ್ತು. ಎರಡಕ್ಕೂ ಹೊಸ ಜಾಗವಾಗಲಿ, ನನ್ನದು ನಿನ್ನದು ಎಂಬ ಜಗಳ ಬೇಡ ಎಂದು ಹಾಲ್‌ನಲ್ಲಿ ಚಾಪೆ ಹಾಸಿ, ಎರಡು ಗುಡ್ಡೆ ಸೊಪ್ಪು ಇಟ್ಟು ಬಿಟ್ಟರು. ಈ ಸಲ ಶಾಂಭವಿಯ ಕೈಯಲ್ಲಿ ದಪ್ಪ ಟವೆಲ್ ಇತ್ತು.

ಕಟಕಟ... ಕಟಕಟ...

ಮತ್ತೆ ಅದೇ ಸದ್ದು! ಇಂಚರ ಹೆದರಿ ಶಾಂಭವಿಯ ಬೆನ್ನ ಹಿಂದೆ ಸರಿದು, ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಸದ್ದು ನಿಧಾನವಾಗಿ ನಿಂತಿತು...

ಬಜ್ಜಿ ಕತ್ತು ಚಾಚಿ ಬೋಂಡಾಳ ಕಿವಿ ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ಅದರ ಪಕ್ಕದಲ್ಲೇ ಕೂತು ಸೊಪ್ಪು ತಿನ್ನತೊಡಗಿತು.

ಶಾಂಭವಿ ಟವೆಲ್ ಕೆಳಗಿಟ್ಟಳು. ಇಂಚರ ಮಾತ್ರ ಹಿಡಿದ ಕೈ ಬಿಡಲಿಲ್ಲ.

"ಬಜ್ಜಿನ ಕಳಿಸಲ್ಲ ಅಲ್ವಾ ಆಂಟಿ?"

"ಇಲ್ಲ ಪುಟ್ಟಿ."

"ಮತ್ತೆ... ನಾನು ಕಚ್ಚಿದ್ದಕ್ಕೆ ನನ್ನ ಯಾಕೆ ಹಾಸ್ಟೆಲ್‌ಗೆ ಕಳಿಸ್ತೀರಾ?"

ಶಾಂಭವಿ ಅವಳ ಕಡೆ ತಿರುಗಿದಳು. ಸುಳ್ಳು ಹೇಳಬಹುದಿತ್ತು, ಅಪ್ಪನ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ.

"ಹಾಸ್ಟೆಲ್ ಅಂತ ಅಪ್ಪನಿಗೆ ಹೇಳಿದ್ದು ನಾನೇ ಕಣಮ್ಮ... ನಿನ್ನ ಕಂಡ್ರೆ ನಂಗೆ ಭಯ ಆಗ್ತಿತ್ತು."

ಇಂಚರ ಅವಳ ಮುಖವನ್ನೇ ನೋಡಿದಳು.

"ನಂಗೂ ನಿಮ್ಮನ್ನ ಕಂಡ್ರೆ ಭಯ. ಬಂದ ತಕ್ಷಣ ಅಮ್ಮನ ಹೊದಿಕೆ ಒಗೆದುಬಿಟ್ರಿ... ಈಗ ಅದ್ರಲ್ಲಿ ಅಮ್ಮನ ವಾಸನೆನೇ ಇಲ್ಲ."

ಶಾಂಭವಿ ಚಾಪೆಯ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಕೊಳೆಯಾಗಿದೆ ಎಂದು ಒಗೆದಿದ್ದಳು ಅಷ್ಟೇ. ಆ ಮಗುವಿನಿಂದ ಏನನ್ನು ತೊಳೆದು ಹಾಕಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ತಪ್ಪಾಯ್ತು ಕಂದ... ಎಲ್ಲಿಗೂ ಕಳಿಸಲ್ಲ. ಇನ್ನೊಂದು ಸಲ ಕಚ್ಚಿದ್ರೂ ಕಳಿಸಲ್ಲ."

ಇಂಚರ ಮೆಲ್ಲಗೆ ಬಂದು, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಕಚ್ಚಲು ಬಂದವರನ್ನು ದೂರ ಮಾಡುವ ಮೊದಲು, ಅವರಿಗೆ ಯಾವುದರ ಭಯ ಎಂದು ಒಮ್ಮೆ ಕೇಳಿ.

"ಅವರ ಸ್ವಭಾವವೇ ಅಷ್ಟು" ಎಂದು ನೀವು ದೂರ ಇಟ್ಟಿರುವ ಆ ಒಬ್ಬರು ಯಾರು... ಅವರು ಯಾಕೆ ಹೆದರಿದ್ದಾರೆ ಎಂದು ಇವತ್ತಾದರೂ ಕೇಳುತ್ತೀರಾ?