ನವಿಲುಗರಿ ಲೈಟು

ಆ ಕಾರಿನ ಹಿಂದಿನ ಲೈಟು ದಸ್ತಗೀರನ ಕೈಕೆಲಸ. ಬಿಸಿಗಾಳಿ ಹಿಡಿದು ಅಂಟು ಮೆತ್ತಗೆ ಮಾಡಿ, ಕಂಪನಿ ಮುಚ್ಚಿ ಕಳಿಸಿದ್ದ ಕೆಂಪು ಮುಚ್ಚಳ ಬಿಡಿಸಿ, ಒಳಗೆ ಸಣ್ಣ ದೀಪಗಳನ್ನು ನವಿಲುಗರಿಯಂತೆ ಜೋಡಿಸಿದ್ದ. ಹೆಂಡತಿಗೆ ಉಡುಗೊರೆ ಎಂದು ಗಂಡನೊಬ್ಬ ಹಠ ಹಿಡಿದು ಮಾಡಿಸಿದ್ದು. ಈಗ ಆ ಹೆಂಡತಿಯೇ ಅವನ ಅಂಗಡಿ ಮುಂದೆ ಕಾರು ತಂದು ನಿಲ್ಲಿಸಿ, ಅದನ್ನು ಕಿತ್ತುಹಾಕು ಎನ್ನುತ್ತಿದ್ದಳು.

"ಅಕ್ಕಾರ, ಇಂಥಾ ಲೈಟು ಇಡೀ ಊರಾಗ ಇದೊಂದ ಐತ್ರಿ!"

"ಅದಕ್ಕ ಬ್ಯಾಡ ಅನ್ನಾಕತ್ತೇನಿ. ತವರಮನಿಗೆ ಹೋಗ್ಲಿ, ಕಾಯಿಪಲ್ಲೆ ತರಾಕ ಹೋಗ್ಲಿ, ಈ ಗರಿ ನೋಡ್ಕೊಂತ ನನ್ನ ಗಂಡ ಬೈಕ್ ಮ್ಯಾಲೆ ಹಿಂದ ಬರ್ತಾನ. ಎಷ್ಟ ಗದ್ಲ ಇದ್ರೂ ತಪ್ಪಂಗಿಲ್ಲ."

ಉಡುಗೊರೆಯ ಅರ್ಥ ದಸ್ತಗೀರನಿಗೆ ಆಗ ಹೊಳೆಯಿತು. ತನ್ನ ಕೆಲಸದ ಮೇಲೆ ತನಗೇ ಸಿಟ್ಟು ಬಂತು.

"ಕಿತ್ತರ ಅವರಿಗೆ ಸಂಶಯ ಬರ್ತೈತ್ರಿ."

"ಬರ್ಲಿ. ನಾ ಯಾರಿಗೂ ಹೆದರಂಗಿಲ್ಲ. ಕೀಳು."

"ಕಿತ್ತರ ಇನ್ನೊಂದು ಗುರುತು ಮಾಡಿಸ್ತಾರ್ರಿ, ಅಕ್ಕಾರ. ಲೈಟು ಹಂಗ ಇರ್ಲಿ. ದೀಪಾವಳಿಗೆ ನಂಗ ಗಿರಾಕಿ ಭಾಳ. ಅಲ್ಲೀ ಮಟ ತಡೀರಿ."

ಆಕೆ ಕಾರಿನ ಬಾಗಿಲು ದಡಾರನೆ ಹಾಕಿಕೊಂಡು ಹೋದಳು.

ದೀಪಾವಳಿ ಮುಗಿದ ಮೇಲೊಂದು ಸಂಜೆ ದಸ್ತಗೀರ ಚೆನ್ನಮ್ಮ ಸರ್ಕಲ್ಲಿನಲ್ಲಿ ಚಹಾ ಹಿಡಿದು ನಿಂತಿದ್ದ. ಆಕೆಯ ಕಾರು ಎದುರಿಗೇ ಹಾದುಹೋಗಿ ದಟ್ಟಣೆಯೊಳಗೆ ಸೇರಿತು. ಸ್ವಲ್ಪ ಹಿಂದೆ ಗಂಡನ ಬೈಕು ಬಂತು. ಸಿಗ್ನಲ್ ಕೆಂಪಾಯಿತು. ಮುಂದಿದ್ದ ಕಾರುಗಳೆಲ್ಲ ಬ್ರೇಕ್ ಹಾಕಿದವು, ಮತ್ತು ಗಂಡನ ಕಣ್ಣೆದುರು ರಸ್ತೆಯ ತುಂಬ ಸಾಲುಸಾಲಾಗಿ ನವಿಲುಗರಿಗಳು ಹೊತ್ತಿಕೊಂಡವು.